ಬೋಜಾನನ ರೋವಿ

ತನ್ನ ಐವತ್ತೆಂಟು ವರ್ಷದಲ್ಲಿ ಎರಡೇ ಎರಡು ಸಲ ಸುಳ್ಳು ಹೇಳಿದ್ದೇನೆ ಎಂದು ಗಿರೆಸೋರ್ ಊರಿನ ಬೋಜಾನ್ ಉಸ್ತಾ ಹೇಳಿಕೊಳ್ಳುತ್ತಾನೆ. ಅದೇ ಮೂರನೆಯದು ಎನ್ನುತ್ತಾಳೆ ಅವನ ಹೆಂಡತಿ ಜರೀಫೆ. ಲೆಕ್ಕ ಏನೇ ಇರಲಿ, ಸೊಂಟಕ್ಕೆ ಸುತ್ತಿಕೊಂಡಿದ್ದ ಆ ಅಗಲವಾದ ಉಣ್ಣೆಪಟ್ಟಿಯ ವಿಷಯದಲ್ಲಿ ಅವನು ಹೇಳಿದ್ದು ಮಾತ್ರ ಹಸಿ ಸುಳ್ಳು. 'ಅಜ್ಜನ ಕಾಲದ್ದು, ಗತ್ತಿಗೆ ಕಟ್ಕೋತೀನಿ' ಎಂದು ಎಲ್ಲರಿಗೂ ಹೇಳುತ್ತಿದ್ದ. ನಮ್ಮ ಉರ್ಫಾ ಸೀಮೆಯ ಮೇ ತಿಂಗಳ ಬಿಸಿಲಿನಲ್ಲಿ ಗತ್ತಿಗಾಗಿ ಉಣ್ಣೆ ಸುತ್ತಿಕೊಳ್ಳುವವರನ್ನು ನೀವು ಕಂಡಿದ್ದೀರಾ? ಪಟ್ಟಿಯ ಅಡಿಯಲ್ಲಿ, ಬಲಗಡೆಯ ಕಿಬ್ಬೊಟ್ಟೆಯಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಗಂಟು ಎರಡು ವರ್ಷದಿಂದ ಕೂತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ ಬರುತ್ತಿತ್ತು. ಅದು ಹರ್ನಿಯಾ, ಕೊಯ್ದು ಸರಿಮಾಡಬೇಕು ಎಂದು ಡಾಕ್ಟರು ಹೇಳಿದ ದಿನವೇ ಬೋಜಾನ್ ಸಂತೆಗೆ ಹೋಗಿ ಪಟ್ಟಿ ಕೊಂಡುತಂದ.

ಮುಚ್ಚಿಡುವುದಕ್ಕೆ ಅವನಿಗೆ ಕಾರಣವಿತ್ತು. ನಮ್ಮೂರ ಹಿಂದಿನ ದಿಬ್ಬದಲ್ಲಿ ಪುರಾತತ್ವದವರ ಅಗೆತ ಶುರುವಾಗಿ ಇಪ್ಪತ್ತೆರಡು ವರ್ಷವಾಯಿತು. ಅದಕ್ಕೆ ಮುಂಚೆ ಬೋಜಾನ್ ಕುರಿ ಕಾಯುತ್ತಿದ್ದ, ಶರತ್ಕಾಲದಲ್ಲಿ ಅದಾನಾ ಕಡೆಗೆ ಹತ್ತಿ ಬಿಡಿಸಲು ಹೋಗುತ್ತಿದ್ದ. ದಿಬ್ಬಕ್ಕೆ ಬಂದವನು ಮೊದಲ ವರ್ಷ ಮಣ್ಣಿನ ಬಕೆಟ್ ಹೊತ್ತ, ಮೂರನೆಯ ವರ್ಷ ಗುದ್ದಲಿ ಹಿಡಿದ, ಆರನೆಯ ವರ್ಷ ಬ್ರಷ್ ಹಿಡಿದ. ಬ್ರಷ್ ಹಿಡಿದ ಮೇಲೆ ಉಸ್ತಾ, ಅಂದರೆ ಪಳಗಿದ ಕಸುಬುದಾರ, ಎನ್ನಿಸಿಕೊಂಡ. ಮಣ್ಣಿನ ಮೇಲೆ ಮರದ ಕಡ್ಡಿ ಎಳೆದರೆ ಬರುವ ಸದ್ದಿನಲ್ಲೇ ಕೆಳಗಿರುವುದು ಕಲ್ಲೋ ಮೂಳೆಯೋ ಹೇಳಿಬಿಡುತ್ತಿದ್ದ. ಅಂಕಾರಾದಿಂದ ಬರುವ ವಿದ್ಯಾರ್ಥಿಗಳು ಪುಸ್ತಕ ಮುಚ್ಚಿ ಅವನ ಬೆನ್ನ ಹಿಂದೆ ಕೂತು ಕಲಿಯುತ್ತಿದ್ದರು. ಅಗೆತದ ಮುಖ್ಯಸ್ಥೆ ಇಜ್ಮೀರಿನ ನೆವಿನ್ ಹೋಜಾ. ಹೋಜಾ ಎಂದರೆ ಮೇಷ್ಟ್ರು, ಎದುರಿಗೆ ಕರೆಯುವಾಗ ಹೋಜಾಮ್. ಇಪ್ಪತ್ತೆರಡು ವರ್ಷ ನಮ್ಮ ನಡುವೆ ಇದ್ದರೂ ಚಹಾ ಕೇಳುವಷ್ಟು ಕುರ್ದಿಷ್ ಬಿಟ್ಟರೆ ಬೇರೆ ಕಲಿಯಲಿಲ್ಲ, ಎಲ್ಲಾ ಮಾತೂ ಟರ್ಕಿಷಿನಲ್ಲೇ. ಉಳಿದಂತೆ ಬಂಗಾರದಂಥವರು. ಆದರೆ ಕಾಯಿಲೆ ಇರುವವರನ್ನು ಗುಂಡಿಗೆ ಇಳಿಸುತ್ತಿರಲಿಲ್ಲ.

ಗುಂಡಿಗೆ ಇಳಿಯದೆ ಬೋಜಾನನಿಗೆ ನರಿ ಸಿಗುವುದು ಹೇಗೆ? ಸುತ್ತಲಿನ ದಿಬ್ಬಗಳಲ್ಲೆಲ್ಲ, ಹನ್ನೊಂದು ಸಾವಿರ ವರ್ಷದ ಹಿಂದಿನವರು ನಿಲ್ಲಿಸಿಹೋದ ಕಂಬಗಳ ಮೇಲೆ, ನೆಗೆಯುವ ನರಿಗಳ ಕೆತ್ತನೆ ಸಿಕ್ಕಿತ್ತು. ನಮ್ಮ ದಿಬ್ಬದಲ್ಲಿ ಸಿಕ್ಕಿದ್ದು ಹಾವು, ಕೊಕ್ಕರೆ, ಮೂತಿ ಒಡೆದ ಒಂದು ಕಾಡುಹಂದಿ. ಚಹಾದಂಗಡಿಯಲ್ಲಿ ಪಕ್ಕದ ದಿಬ್ಬದ ಕೆಲಸಗಾರರು 'ನಿಮ್ ಕಡೆ ನರೀನೂ ಬರಲ್ವಂತಲ್ಲಪ್ಪಾ' ಎಂದು ಚುಚ್ಚುತ್ತಿದ್ದರು. ಬೋಜಾನ್ ಬಿಡುವವನಲ್ಲ.

"ಈ ದಿಬ್ಬ ಮೊದ್ಲು ಅಗೆದಿದ್ದೇ ನರಿ ಕಣ್ರೋ," ಎನ್ನುತ್ತಿದ್ದ. "ಬಿಲ ತೋಡಿ ಹಳೇ ಕಲ್ಲಿನ ಚೂರಿ ಹೊರಗೆ ಎಸೀತು. ನಾನು ಅದನ್ನ ತಂದು ಹೋಜಾಗೆ ತೋರಿಸ್ದೆ. ನಂಗಿಂತ ಸೀನಿಯರ್ ಉಸ್ತಾ ಅದು. ಅದರ ಚಿತ್ರ ಇಲ್ದೇ ಇರುತ್ತಾ?"

ಆ ಕಾಲದವರಿಗೆ ನರಿ ಏನಾಗಿತ್ತು ಎಂದು ವಿದ್ಯಾರ್ಥಿಗಳು ಮಧ್ಯಾಹ್ನದ ಊಟದ ಹೊತ್ತಿಗೆ ಜಗಳಾಡುತ್ತಿದ್ದರು. ಕುಲದ ಗುರುತು ಎನ್ನುವವನೊಬ್ಬ, ಸತ್ತವರಿಗೆ ದಾರಿ ತೋರಿಸುವ ಪ್ರಾಣಿ ಎನ್ನುವವಳೊಬ್ಬಳು, ಆಕಾಶದ ನಕ್ಷತ್ರ ಎನ್ನುವವನು ಇನ್ನೊಬ್ಬ. ಬೋಜಾನ್ ಹಸಿ ಈರುಳ್ಳಿ ಕಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದು ಅರ್ಥವಲ್ಲ. ತನ್ನ ಕೈಯಿಂದ ಅದನ್ನು ಹೊರಗೆ ತರಬೇಕು, ಅಷ್ಟೇ.

ಇನ್ನು ಜರೀಫೆಯ ವಿಷಯಕ್ಕೆ ಬರುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಕುರ್ದಿಷಿನಲ್ಲಿ ನರಿಗೆ ರೋವಿ ಎನ್ನುತ್ತೇವೆ. ಕರುಳಿಗೂ ರೋವಿ ಎಂದೇ ಎನ್ನುತ್ತೇವೆ. ಯಾಕೆ ಎಂದು ಕೇಳಬೇಡಿ, ನಮಗೂ ಗೊತ್ತಿಲ್ಲ. ಕುರಿ ಕೊಯ್ದಾಗ ರೋವಿ ತೊಳೆದು ಅನ್ನ ತುಂಬುತ್ತೇವೆ, ಕೋಳಿಗೂಡಿಗೆ ರೋವಿ ನುಗ್ಗಿದರೆ ದೊಣ್ಣೆ ತೆಗೆದುಕೊಂಡು ಓಡುತ್ತೇವೆ, ಇದುವರೆಗೂ ಯಾರಿಗೂ ಗೊಂದಲವಾಗಿರಲಿಲ್ಲ.

ಜರೀಫೆ ಎರಡು ವರ್ಷದಿಂದ ಒಂದೇ ಪಾಠ ಒಪ್ಪಿಸುತ್ತಿದ್ದಳು. "ಆಪರೇಷನ್ ಮಾಡಿಸ್ಕೋ. ಒಂದಿನ ನಿನ್ ರೋವಿ ಪೂರ್ತಿ ಹೊರಗೆ ಬರುತ್ತೆ, ಆಗ ಕೈಲಿ ಹಿಡ್ಕೊಂಡು ಆಸ್ಪತ್ರೆಗೆ ಓಡ್ತೀಯ." ಬೋಜಾನ್ ಕೇಳಿಸದವನಂತೆ ತಂಬಾಕು ಸುತ್ತುತ್ತಿದ್ದ. ಆ ವಸಂತದಲ್ಲಿ ಅವಳಿಗೆ ಸಾಕಾಗಿಹೋಯಿತು. "ನಿನ್ ಹೆಣ ಕಾಯೋಕೆ ನಾನು ಕೂರಲ್ಲ. ಬುದ್ಧಿ ಬಂದ್ಮೇಲೆ ಹೇಳ್ಕಳ್ಸು," ಎಂದು ಬಟ್ಟೆಗಂಟು ಕಟ್ಟಿಕೊಂಡು ಪಕ್ಕದೂರಿನ ತಮ್ಮ ಶೇಹ್ಮೂಸನ ಮನೆಗೆ ಹೊರಟುಹೋದಳು. ಒಂಬತ್ತು ದಿನವಾಯಿತು. ಬೋಜಾನ್ ಮೊಸರು, ಬ್ರೆಡ್ಡು, ಒಣಮೆಣಸಿನ ಪುಡಿಯಲ್ಲಿ ದಿನ ನೂಕಿದ, ಆದರೆ ಫೋನ್ ಮಾಡಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ದಕ್ಷಿಣದ ಗುಂಡಿಯಲ್ಲಿ, ದೊಡ್ಡ ಕಂಬದ ಪಕ್ಕದ ಗಟ್ಟಿಮಣ್ಣಿನ ಮೇಲೆ ಅವನು ಕಡ್ಡಿ ಎಳೆದ. ಸದ್ದು ಬೇರೆಯಾಯಿತು. ಉಸಿರು ಬಿಗಿಹಿಡಿದು ಬ್ರಷ್ ಆಡಿಸಿದ. ಕಲ್ಲಿನಿಂದ ಎದ್ದುಬಂದ ಒಂದು ಅಂಚು, ಅಂಚಿನ ತುದಿಯಲ್ಲಿ ಚೂಪು ಕಿವಿ. ನಾಯಿಯದಲ್ಲ, ತೋಳದ್ದೂ ಅಲ್ಲ. ಆಮೇಲೆ ಸಣ್ಣ ಮೂತಿ, ತೆರೆದ ಬಾಯಿ, ಹಲ್ಲು, ಮುಂದಕ್ಕೆ ಚಾಚಿದ ಕಾಲುಗಳು. ಬೋಜಾನ್ ಹಿಂದಕ್ಕೆ ಕೂತುಬಿಟ್ಟ. ಕಣ್ಣು ತುಂಬಿ ಬಂತು.

"ಬಂದ್ಯಾ," ಎಂದ ಕಲ್ಲಿಗೆ. "ಇಪ್ಪತ್ತೆರಡು ವರ್ಷ ಕಾಯ್ಸಿದೆಯಲ್ಲೋ ಕಳ್ಳ."

ಗುಂಡಿಯ ಸುತ್ತ ಜನ ನೆರೆಯಿತು. ನೆವಿನ್ ಹೋಜಾ ಮಂಡಿಯೂರಿ ಕೂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಚಹಾ ಬಂತು, ಕ್ಯಾಮೆರಾ ಬಂತು. ಇಷ್ಟೆಲ್ಲ ಸಂಭ್ರಮದಲ್ಲೂ ಬೋಜಾನನಿಗೆ ಏನೋ ಕೊರತೆ. ಕೊನೆಗೆ ಬಕೆಟ್ ಹೊರುವ ತನ್ನ ಚಿಕ್ಕಪ್ಪನ ಮಗ ರೆಶೋನನ್ನು ಪಕ್ಕಕ್ಕೆ ಕರೆದ.

"ನಿನ್ನ ಅತ್ತಿಗೆಗೆ ಒಂದು ಫೋನ್ ಹಾಕು. ವಿಷಯ ಹೇಳು. ನಾನು ಹೇಳ್ಸಿದ್ದು ಅಂತ ಹೇಳ್ಬೇಡ."

ರೆಶೋ ಒಳ್ಳೆಯವನು. ಆದರೆ ಅವನ ಬಾಯಿಗೆ ಕೆಲಸ ಕೊಟ್ಟರೆ ಏನಾಗುತ್ತದೆ ಎಂದು ಬೋಜಾನನಿಗೆ ಗೊತ್ತಿರಬೇಕಿತ್ತು. ದಿಬ್ಬದ ತುದಿಗೆ ಹತ್ತಿ, ಗಾಳಿಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಅವನು ಆಡಿದ ಮಾತನ್ನು ನಮ್ಮೂರಲ್ಲಿ ಈಗ ಎಲ್ಲರೂ ಬಾಯಿಪಾಠ ಹೇಳುತ್ತಾರೆ.

"ಅತ್ತಿಗೆ, ಬೋಜಾನಣ್ಣನ ರೋವಿ ಹೊರಗೆ ಬಂತು."

ಜರೀಫೆ ಕೈಯಲ್ಲಿದ್ದ ಬೇಳೆಯ ಮೊರವನ್ನು ಬಿಟ್ಟಳು. "ಏನಂದೆ? ಎಷ್ಟು ಬಂತು?"

"ಈಗ ಒಂದು ಮೊಳ ಬಂದಿದೆ. ಇನ್ನೂ ಒಳಗಿದೆ. ಸಂಜೆಯೊಳಗೆ ಪೂರ್ತಿ ತೆಗೀತೀನಿ ಅಂತಿದಾನೆ."

"ಅವನೇ ತೆಗೀತಾನಾ?"

"ಮತ್ತಿನ್ಯಾರ ಕೈಗೆ ಕೊಡ್ತಾನೆ? ಬ್ರಷ್ ಹಿಡ್ಕೊಂಡು ನಿಧಾನಕ್ಕೆ ಉಜ್ತಾ ಇದಾನೆ. ಎಲ್ರೂ ಸುತ್ತ ನಿಂತು ಚಹಾ ಕುಡೀತಿದೀವಿ. ಹೋಜಾ ಫೋಟೋ ತೆಗೀತಿದಾರೆ."

ಫೋನ್ ಕೆಳಗೆ ಬಿತ್ತು. ಯಾಕೆ ಕತ್ತರಿಸಿದಳು ಎಂದು ತಿಳಿಯದೆ ರೆಶೋ ಇಳಿದು ಬಂದು, "ಖುಷಿಯಾಯ್ತು ಅತ್ತಿಗೆಗೆ, ಮಾತೇ ಹೊರಡ್ಲಿಲ್ಲ," ಎಂದು ವರದಿ ಒಪ್ಪಿಸಿದ. ಬೋಜಾನ್ ಮೀಸೆಯೊಳಗೇ ನಕ್ಕು ಕೆಲಸಕ್ಕೆ ಕೂತ.

ಅರ್ಧ ಗಂಟೆ ಕಳೆಯಿತೋ ಇಲ್ಲವೋ, ದಿಬ್ಬದ ಕೆಳಗೆ ಧೂಳೆದ್ದಿತು. ಶೇಹ್ಮೂಸನ ಟ್ರ್ಯಾಕ್ಟರು ಬರುತ್ತಿತ್ತು. ಹಿಂದಿನ ಟ್ರೇಲರಿನಲ್ಲಿ ಹನ್ನೆರಡು ಹೆಂಗಸರು, ಎರಡು ಹಾಸಿಗೆ, ಒಂದು ಬಿಳಿ ಹೊದಿಕೆ, ಒಂದು ದೊಡ್ಡ ತಾಮ್ರದ ಬೋಗುಣಿ. ಬೋಗುಣಿ ಯಾಕೆ ಎಂದು ವಿವರಿಸಬೇಕಾಗಿಲ್ಲ. ಹೆಂಗಸರು ತೊಡೆ ಬಡಿದುಕೊಂಡು ಅಳುತ್ತಿದ್ದರು. ಬೋಜಾನ್ ಕೆಲಸ ಬಿಟ್ಟು ಎದ್ದ. ಗುಂಡಿಯಿಂದ ಮೇಲೆ ಬಂದು, ಟೋಪಿ ತೆಗೆದು, ಶೇಹ್ಮೂಸನ ಭುಜ ಹಿಡಿದ.

"ಯಾರಪ್ಪಾ ಹೋದ್ರು?"

ಶೇಹ್ಮೂಸ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನೀನೇ ಹೋಗ್ಬೇಕಿತ್ತು ಭಾವ," ಎಂದ.

ಅಷ್ಟರಲ್ಲಿ ಟ್ರೇಲರಿನಿಂದ ಧುಮುಕಿದ ಜರೀಫೆ ಯಾರ ಮಾತನ್ನೂ ಕೇಳದೆ ನೇರ ಬಂದು, ನಲವತ್ತು ಜನರ ಎದುರು, ಗಂಡನ ಅಂಗಿ ಎತ್ತಿ ಉಣ್ಣೆಪಟ್ಟಿಯನ್ನು ಸರಸರನೆ ಬಿಚ್ಚಿದಳು. ಬೋಜಾನ್ ಬುಗುರಿಯಂತೆ ಎರಡು ಸುತ್ತು ತಿರುಗಿದ. ಪಟ್ಟಿ ಕೆಳಗೆ ಬಿತ್ತು. ಷರಾಯಿಯ ಅಂಚಿನಲ್ಲಿ ಗಂಟು ಎಲ್ಲರಿಗೂ ಕಾಣಿಸಿತು. ಕರುಳು ಇದ್ದಲ್ಲೇ ಇತ್ತು.

"ಎಲ್ಲಿ ರೋವಿ?" ಎಂದಳು ಜರೀಫೆ, ಏದುಸಿರು ಬಿಡುತ್ತಾ.

ರೆಶೋ ಗುಂಡಿಯ ಕಡೆಗೆ ಬೆರಳು ತೋರಿಸಿದ. ಕಂಬದ ಮೇಲಿನ ನರಿ ಹಲ್ಲು ಕಿರಿದು ನಿಂತಿತ್ತು.

ಮೊದಲು ನಕ್ಕವಳು ಶೇಹ್ಮೂಸನ ಹೆಂಡತಿ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳಲಾಗುವುದಿಲ್ಲ. ಹೆಂಗಸರು ತಂದ ಹಾಸಿಗೆಯ ಮೇಲೆಯೇ ಉರುಳಾಡಿದರು. ನೆವಿನ್ ಹೋಜಾಗೆ ಟರ್ಕಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ವಿದ್ಯಾರ್ಥಿಯೊಬ್ಬನಿಗೆ ಬಿಕ್ಕಳಿಕೆ ಹತ್ತಿತು. ಹೋಜಾ ಕೂಡ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಬೋಜಾನನ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ.

"ಎಷ್ಟು ದಿನದಿಂದ ಇದೆ ಉಸ್ತಾ?"

"ಎರಡು ವರ್ಷ, ಹೋಜಾಮ್."

"ಈ ಹೊಟ್ಟೆ ಇಟ್ಕೊಂಡು ನನ್ನ ಗುಂಡೀಲಿ ಬಂಡೆ ಎತ್ತಿದ್ದೀರಿ. ನಿಮಗೇನಾದ್ರೂ ಆಗಿದ್ರೆ ನಾನು ಈ ಊರಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡ್ಬೇಕಿತ್ತು? ಇವತ್ತಿಗೆ ಮುಗೀತು. ಆಪರೇಷನ್ ಆಗೋವರೆಗೂ ನೀವು ಗುಂಡಿಗೆ ಇಳಿಯೋ ಹಾಗಿಲ್ಲ."

ಬೋಜಾನ್ ತಲೆ ತಗ್ಗಿಸಿ ನಿಂತ. ಅವನಿಗೆ ನಾಚಿಕೆಯೂ ಆಗಿತ್ತು, ದುಃಖವೂ ಆಗಿತ್ತು. ನರಿ ಸೊಂಟದವರೆಗೆ ಮಾತ್ರ ಬಂದಿತ್ತು. ಹಿಂಗಾಲು, ಬಾಲ ಎಲ್ಲಾ ಮಣ್ಣಿನೊಳಗೇ. ಉಳಿದದ್ದು ಇನ್ಯಾರದೋ ಕೈಗೆ ಹೋಗುತ್ತದೆ ಎಂದು ನೆನೆದರೇ ಕರುಳು ಚುರುಕ್ಕೆನ್ನುತ್ತಿತ್ತು.

ಬಂದವರಿಗೆಲ್ಲ ಚಹಾ ಕೊಡದೆ ಕಳಿಸುವಂತಿಲ್ಲ. ಡೇರೆಯ ಕೆಳಗೆ ಸಮಾವರ್ ಇಟ್ಟರು. ಸಕ್ಕರೆ ಕಲಕುತ್ತಾ ಹೋಜಾ ಒಂದು ಕಥೆ ಹೇಳಿದರು, ರೆಶೋ ಹೆಂಗಸರಿಗೆ ಕುರ್ದಿಷಿನಲ್ಲಿ ದಾಟಿಸಿದ. ನಮ್ಮ ನದಿಗಳು ಹರಿದುಹೋಗುವ ದಕ್ಷಿಣದ ಕೆಳನಾಡಿನಲ್ಲಿ ಸಿಕ್ಕಿದ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟಿದ್ದ ಕಥೆಯಂತೆ ಅದು. ನೀರಿನ ದೇವರು ತಿನ್ನಬಾರದ ಗಿಡಗಳನ್ನು ತಿಂದು ಎಂಟು ಕಡೆ ನೋವು ತಂದುಕೊಂಡ. ವಾಸಿ ಮಾಡಬಲ್ಲ ದೇವಿ ಅವನ ಮೇಲೆ ಮುನಿದು ಮುಖ ತೋರಿಸುವುದಿಲ್ಲ ಎಂದು ಹೊರಟುಹೋಗಿದ್ದಳು. ಉಳಿದ ದೇವರುಗಳು ದಿಕ್ಕು ತೋಚದೆ ಧೂಳಿನಲ್ಲಿ ಕೂತರು. ಆಗ ಒಂದು ನರಿ ಬಂದು, ನಾನು ಕರೆದುಕೊಂಡು ಬರುತ್ತೇನೆ ಎಂದಿತು. ಮೈ ಕೊಡವಿ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಹೋಗಿ ದೇವಿಯನ್ನು ಕರೆತಂದಿತು. ದೇವಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ಎಲ್ಲಿ ನೋವು ಎಂದು ಒಂದೊಂದಾಗಿ ಕೇಳಿ ಒಂದೊಂದನ್ನೂ ವಾಸಿ ಮಾಡಿದಳು.

ಹೆಂಗಸರೆಲ್ಲ ಜರೀಫೆಯ ಕಡೆ ನೋಡಿದರು. ಅವಳು ಗಂಭೀರವಾಗಿ ಲೋಟ ಕೆಳಗಿಟ್ಟಳು.

"ನಂಗೂ ನರಿ ಕಳ್ಸಿದ್ನಾ ಹಾಗಾದ್ರೆ ಇವ್ನು? ಫೋನ್ ಮಾಡೋ ಯೋಗ್ಯತೆ ಇರ್ಲಿಲ್ಲ, ನರಿ ಕಳ್ಸಿದ." ಆಮೇಲೆ ರೆಶೋನನ್ನು ನಡುವೆ ಇಟ್ಟುಕೊಂಡು ಹೋಜಾ ಕಡೆ ತಿರುಗಿದಳು. "ಹೋಜಾಮ್, ಇವ್ನಿಗೆ ಬಾಲ ತೆಗೆಯೋವರೆಗೂ ಬಿಡಿ. ಒಂದು ಕಲ್ಲೂ ಎತ್ತಲ್ಲ, ಕೂತ್ಕೊಂಡು ಬ್ರಷ್ ಆಡಿಸ್ಲಿ. ಮಣ್ಣು ನಾನು ಹೊರ್ತೀನಿ. ಬಾಲ ಬಂದ ಮಾರನೇ ದಿನ ಆಸ್ಪತ್ರೆ. ಇಲ್ಲಾಂದ್ರೆ ಈ ಮನುಷ್ಯ ಸಾಯೋವರೆಗೂ ನನ್ನ ದೂರ್ತಾನೆ."

ಹೋಜಾ ಯೋಚಿಸಿ, ಜರೀಫೆಯ ಹೆಸರನ್ನೂ ಕೆಲಸದವರ ಪಟ್ಟಿಗೆ ಸೇರಿಸಿದರು. ಮಾರನೆಯ ದಿನದಿಂದ ಬೋಜಾನ್ ಕಂಬದ ಮುಂದೆ ಮೆತ್ತೆಯ ಮೇಲೆ ಕೂತ, ಹಿಂದೆ ಜರೀಫೆ ಬಕೆಟ್ ಹಿಡಿದು ನಿಂತಳು.

ಮೊದಲ ದಿನ ಸೊಂಟ ಮುಗಿಯಿತು, ಎರಡನೆಯ ದಿನ ಹಿಂಗಾಲು. ಮೂರನೆಯ ದಿನ ಬಾಲದ ಬುಡ ಕಂಡಿತು, ಅಲ್ಲಿಂದ ಕೆಲಸ ಕುಂಟತೊಡಗಿತು. ಬೋಜಾನ್ ಒಂದು ಬೆರಳಗಲ ಮಣ್ಣಿಗೆ ಒಂದು ಮಧ್ಯಾಹ್ನ ತೆಗೆದುಕೊಂಡ. ತೆಗೆದ ಜಾಗವನ್ನೇ ಮತ್ತೆ ಉಜ್ಜಿದ, ಬ್ರಷ್ ಸರಿಯಿಲ್ಲ ಎಂದ, ಬೆಳಕು ಸರಿಯಿಲ್ಲ ಎಂದ. ಜರೀಫೆಯ ಬಕೆಟ್ ತುಂಬುತ್ತಲೇ ಇರಲಿಲ್ಲ. ಐದನೆಯ ದಿನ ಅವಳು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು.

"ಈ ಬಾಲ ಎಲ್ಲೀವರ್ಗೂ ಹೋಗುತ್ತೆ? ಹರಾನ್ ಊರಿನ ತನಕನಾ?"

"ಕಲ್ಲು ಸೂಕ್ಷ್ಮ. ಅವಸರ ಮಾಡ್ಬಾರ್ದು."

"ಕಲ್ಲಲ್ಲ ಸೂಕ್ಷ್ಮ. ನೀನು ಹೆದರಿದೀಯ."

ಬೋಜಾನ್ ಬ್ರಷ್ ನಿಲ್ಲಿಸಿದ. ಅವಳ ಕಡೆ ತಿರುಗದೆಯೇ ಹೇಳಿದ. "ಅಪ್ಪ ನಡ್ಕೊಂಡು ಆಸ್ಪತ್ರೆ ಒಳಗೆ ಹೋದ ಕಣೆ. ನನ್ನ ಕೈಗೆ ತಂಬಾಕಿನ ಡಬ್ಬಿ ಕೊಟ್ಟು, ಇಟ್ಕೊಂಡಿರು, ಬರ್ತೀನಿ ಅಂದ. ಬರ್ಲಿಲ್ಲ. ನಂಗೆ ಭಯ. ಬಂಡೆ ಬಿದ್ರೂ ಭಯ ಇಲ್ಲ, ಆ ಆಪರೇಷನ್ ಮೇಜಿನ ಮೇಲೆ ಮಲ್ಗೋದು ಅಂದ್ರೆ ಭಯ."

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವನು ಈ ಮಾತನ್ನು ಹೇಳಿದ್ದು ಅದೇ ಮೊದಲು. ಜರೀಫೆಗೆ ಎರಡು ವರ್ಷದ ಸಿಟ್ಟೆಲ್ಲ ಇಳಿದುಹೋಯಿತು.

"ಮಾವ ಹೋಗಿದ್ದು ಚಾಕುವಿನಿಂದಲ್ಲ," ಎಂದಳು. "ವಾರ ಪೂರ್ತಿ ಹೊಟ್ಟೆನೋವು ಮುಚ್ಚಿಟ್ಕೊಂಡು ಕುರಿ ಹಿಂದೆ ತಿರುಗಿದ್ರು. ಒಳಗೆ ಒಡೆದ್ಮೇಲೆ ಆಸ್ಪತ್ರೆಗೆ ಹೋದ್ರು. ಅತ್ತೆ ಬೇಡ್ಕೊಂಡಿದ್ದನ್ನ ನಾನು ಈ ಕಿವೀಲಿ ಕೇಳಿದೀನಿ. ಆಗ ನಾನು ಹೊಸ ಸೊಸೆ, ಬಾಯಿ ಮುಚ್ಕೊಂಡಿದ್ದೆ. ಈಗ ಮುಚ್ಚಲ್ಲ."

ಬೋಜಾನ್ ಬ್ರಷ್ಷನ್ನು ಕೆಳಗಿಟ್ಟ. ಆಮೇಲೆ ಎದ್ದು, ಬಟ್ಟೆ ಕೊಡವಿ, ಹೋಜಾ ಬಳಿಗೆ ಹೋದ. ಬಾಲ ಇನ್ನೂ ಒಂದು ಮೊಳ ಒಳಗಿದೆ, ಹಾಗೇ ಮುಚ್ಚಿಡಿ, ಸೆಪ್ಟೆಂಬರಿನಲ್ಲಿ ನಾನೇ ಬಂದು ತೆಗೆಯುತ್ತೇನೆ ಎಂದ. ಬಾಲ ಮುಗಿಸದೇ ಆಸ್ಪತ್ರೆಗೆ ಹೋಗುವುದು ಅವನೇ ಮಾಡಿಕೊಂಡ ಏರ್ಪಾಡು. ಕೆಲಸ ಬಾಕಿ ಇದ್ದರೆ ವಾಪಸು ಬರಲೇಬೇಕಲ್ಲ ಎಂಬುದು ಅವನ ನರಿಬುದ್ಧಿ. ಹೇಗೂ ಬಿಸಿಲಿಗೆ ಅಗೆತ ನಿಲ್ಲಿಸುವ ಸಮಯವಾಗಿತ್ತು. ಮರಳಿನ ಚೀಲಗಳನ್ನು ಪೇರಿಸಿ ನರಿಯನ್ನು ಮುಚ್ಚಿದರು.

ಅದಾದ ಮೂರನೆಯ ದಿನ ಉರ್ಫಾದ ಆಸ್ಪತ್ರೆಯಲ್ಲಿ ಅವನನ್ನು ಗಾಲಿಮಂಚದ ಮೇಲೆ ಒಳಗೆ ತೆಗೆದುಕೊಂಡು ಹೋದರು. ಬಾಗಿಲವರೆಗೂ ಜರೀಫೆಯ ಕೈ ಬಿಡಲಿಲ್ಲ. ಒಳಗೆ ನರ್ಸಮ್ಮ ಎಲ್ಲಿ ನೋವು ಎಂದು ಕೇಳಿದಾಗ, "ರೋವಿ" ಎಂದುಬಿಟ್ಟ. ಅವಳೂ ನಮ್ಮ ಕಡೆಯ ಹುಡುಗಿ. "ಓ, ಆ ಬೋಜಾನ್ ಉಸ್ತಾ ನೀವೇನಾ?" ಎಂದು ನಗತೊಡಗಿದಳು. ನಗು ಕೇಳುತ್ತಲೇ ಬೋಜಾನನಿಗೆ ಮಂಪರು ಕವಿಯಿತು. ಎಚ್ಚರವಾದಾಗ ಜರೀಫೆ ಮೊಸರಿನ ಬಟ್ಟಲು ಹಿಡಿದು ಕೂತಿದ್ದಳು. ಎಲ್ಲವೂ ಚೆನ್ನಾಗಿ ಆಗಿತ್ತು.

ಸೆಪ್ಟೆಂಬರಿನ ಮೊದಲ ಸೋಮವಾರ ಗುಂಡಿಯ ಚೀಲಗಳನ್ನು ತೆಗೆದರು. ಪಟ್ಟಿಯಿಲ್ಲದ ಸೊಂಟದಲ್ಲಿ ಬೋಜಾನ್ ಏಣಿ ಇಳಿದ. ಊರಿನ ಅರ್ಧ ಜನ ಮೇಲೆ ನಿಂತಿದ್ದರು, ಜರೀಫೆ ಎಲ್ಲರಿಗಿಂತ ಮುಂದೆ. ಬಾಲದ ಮೇಲಿನ ಮಣ್ಣು ಸಲೀಸಾಗಿ ಬಂತು. ಪೊದೆಯಂಥ ಬಾಲ ಒಂದು ಗೇಣಿನಷ್ಟು ಚೆನ್ನಾಗಿ ಎದ್ದು ನಿಂತಿತು. ಆಮೇಲೆ ನಿಂತೇಹೋಯಿತು.

ಬೋಜಾನ್ ಬೆರಳಾಡಿಸಿ ನೋಡಿದ. ಕಲ್ಲು ಒಡೆದಿರಲಿಲ್ಲ. ಬಾಲದ ತುದಿ ಎಲ್ಲಿಗೆ ಬರಬೇಕೋ ಅಲ್ಲಿಯವರೆಗೆ ಎರಡು ತೆಳು ಗೀರು ಎಳೆದಿದ್ದರು, ಅಷ್ಟೇ. ಸುತ್ತಲಿನ ಕಲ್ಲನ್ನು ತಗ್ಗಿಸಿಯೇ ಇರಲಿಲ್ಲ.

"ಮುಗಿಸಿಲ್ಲ," ಎಂದರು ಹೋಜಾ, ಪಕ್ಕದಲ್ಲಿ ಮಂಡಿಯೂರಿ. "ಕೆತ್ತುತ್ತಿದ್ದವನು ಇಲ್ಲಿಗೆ ಬಿಟ್ಟು ಎದ್ದು ಹೋಗಿದಾನೆ."

ಮೇಲೆ ವಿದ್ಯಾರ್ಥಿಗಳು ಆಗಲೇ ಅದು ಯಾವ ಆಚರಣೆ, ಯಾವ ಸಂಕೇತ ಎಂದು ಶುರುಮಾಡಿದರು. ಬೋಜಾನ್ ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ. "ಅವನ ಹೆಂಡ್ತೀನೂ ಹಾಸಿಗೆ, ಬೋಗುಣಿ ತಗೊಂಡು ಬಂದಿರ್ತಾಳೆ."

ಎಲ್ಲರೂ ನಕ್ಕರು. ಜರೀಫೆ ನಗಲಿಲ್ಲ. ಏಣಿ ಇಳಿದು ಬಂದು ಆ ಎರಡು ಗೀರುಗಳನ್ನು ನೋಡುತ್ತಾ ನಿಂತಳು.

"ಅವನು ವಾಪಸ್ ಬರ್ಲೇ ಇಲ್ಲ, ಅಲ್ವಾ," ಎಂದಳು ಮೆಲ್ಲಗೆ.

ಬೋಜಾನ್ ಅವಳಿಗೆ ಜಾಗ ಮಾಡಿಕೊಟ್ಟು ಸ್ವಲ್ಪ ಸರಿದು ಕೂತ. ಅವಳು ತಲೆವಸ್ತ್ರದ ತುದಿಯಿಂದ ಒಂದು ಸಲ ಮೂಗೊರೆಸಿಕೊಂಡು ಕೈ ಚಾಚಿದಳು.

"ನೀನು ಬಂದೆ. ಆ ಬಕೆಟ್ ಕೊಡು ಇಲ್ಲಿ."

ಅವನು ಬಕೆಟ್ ಕೊಟ್ಟ.